ಲಾ ಕಾಲೇಜಿನ ಲೆಕ್ಕದಲ್ಲಿ 18,400 ಬಾಕಿ: ಮಂಡಿಗೆ ಹೋಗುವ ಮುಂಚೆ ಇದನ್ನು ನೋಡಿ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ರೈತ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಓದುತ್ತಿದ್ದಾಳೆ. ಈಗ ಎರಡನೇ ವರ್ಷ. ಮೊದಲ ವರ್ಷದ ಫೀಸ್ ಪೂರ್ತಿ ಕಟ್ಟಿದ್ದೇವೆ ಅಂದುಕೊಂಡಿದ್ದೆವು. ಈಗ ಕಾಲೇಜಿನ ಆನ್‌ಲೈನ್ ಖಾತೆಯಲ್ಲಿ 18,400 ರೂಪಾಯಿ ‘ಹಿಂದಿನ ಬಾಕಿ’ ಅಂತ ಬರುತ್ತಿದೆ. ಅದು ತೀರದೆ ಈ ವರ್ಷದ ಫೀಸ್ ಕಟ್ಟಿಸಿಕೊಳ್ಳುವುದಿಲ್ಲವಂತೆ. ಅಡಿಕೆ ದುಡ್ಡು ಕೈಗೆ ಬರಲು ಜನವರಿ ಆಗಬೇಕು. ಮಂಡಿಯಲ್ಲಿ ಮುಂಗಡ ತಗೊಂಡು ಕಟ್ಟಿಬಿಡಲೇ? ಈ ವರ್ಷದ ಫೀಸಿಗೆ ಕಂತು ಕೇಳಬಹುದೇ? ಕೊನೆಗೆ ಸನ್ನದು, ಅಂದರೆ ವಕೀಲಳಾಗಿ ನೋಂದಣಿ ಮಾಡಿಸಲು ಮತ್ತೆ ಹತ್ತಾರು ಸಾವಿರ ಬೇಕು ಅಂತಾರೆ, ನಿಜವೇ? ರಸೀದಿಗಳ ಫೋಟೋ ಮತ್ತು ಖಾತೆಯ ಪ್ರಿಂಟ್ ಕಳಿಸಿದ್ದೇನೆ.

ಉತ್ತರ: ಮುಂಗಡ ತಗೊಳ್ಳಬೇಡಿ. ಸದ್ಯಕ್ಕಂತೂ ಬೇಡ. ನೀವು ಕಳಿಸಿದ ಕಾಗದಗಳನ್ನು ಎರಡು ಸಲ ನೋಡಿದೆ. ನೀವು ಕಟ್ಟಬೇಕಾದದ್ದನ್ನು ಕಟ್ಟಿದ್ದೀರಿ. ಕಾಲೇಜಿನ ಪುಸ್ತಕಕ್ಕೆ ಹತ್ತಿದ್ದು ಮಾತ್ರ ಕಮ್ಮಿ. 18,400ರಲ್ಲಿ 8,000 ರೂಪಾಯಿ ಬಾಕಿಯೇ ಅಲ್ಲ. ಉಳಿದ 10,400 ಕಟ್ಟಬೇಕಾಗಬಹುದು, ಆದರೆ ಆ ದುಡ್ಡು ಈಗಾಗಲೇ ನಿಮ್ಮ ಮಗಳ ಹೆಸರಿನಲ್ಲೇ ಎಲ್ಲೋ ಬಿದ್ದಿರುವ ಸಾಧ್ಯತೆ ಜಾಸ್ತಿ.

ನಾನು ಕಾಲೇಜಿನ ಲೆಕ್ಕ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೂತವನು. ಕೌಂಟರಿನ ಆಚೆ ನಿಂತ ತಂದೆತಾಯಿ ‘ಬಾಕಿ’ ಅನ್ನುವ ಮಾತು ಕೇಳಿದ ಕೂಡಲೇ ಮುಖ ಸಣ್ಣ ಮಾಡಿಕೊಂಡು ಜೇಬು ಮುಟ್ಟಿಕೊಳ್ಳುವುದನ್ನು ನೋಡಿದ್ದೇನೆ. ಯಾವ ಬಾಬ್ತಿನ ಬಾಕಿ ಅಂತ ಕೇಳಿದವರು ಕಮ್ಮಿ. ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ.

ಕಚೇರಿಯಲ್ಲಿ ನಾವು ‘ಡಿಸಿಬಿ’ ಅಂತ ಹೇಳುತ್ತೇವೆ. ಡಿಮಾಂಡ್, ಕಲೆಕ್ಷನ್, ಬ್ಯಾಲೆನ್ಸ್. ಕೇಳಿದ್ದೆಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು. ಪರದೆಯ ಮೇಲೆ ನಿಮಗೆ ಕಾಣುವುದು ಮೂರನೆಯದು ಮಾತ್ರ. ಮೊದಲ ಎರಡನ್ನು ಸಾಲುಸಾಲಾಗಿ ನೋಡದೆ ಮೂರನೆಯದನ್ನು ನಂಬಬಾರದು.

ನಿಮ್ಮ ಲೆಕ್ಕ ಹೀಗಿದೆ. ಮೊದಲ ವರ್ಷದ ಫೀಸ್ 48,000. ಸರ್ಕಾರದ ಶುಲ್ಕ ವಿನಾಯಿತಿಗೆ ಮಗಳು ಅರ್ಜಿ ಹಾಕಿದ್ದಳು. ಅದರ ಬಾಬ್ತು 10,400 ಬರುತ್ತದೆ ಅಂತ ಕಾಲೇಜು ಅಷ್ಟನ್ನು ಆಗ ಕೇಳಲಿಲ್ಲ. ಉಳಿದದ್ದು 37,600. ನೀವು ಅಡ್ಮಿಷನ್ ದಿನ 20,000, ದೀಪಾವಳಿ ಕಳೆದು 11,600, ಜನವರಿಯಲ್ಲಿ 6,000 ಕಟ್ಟಿದಿರಿ. ಕೂಡಿಸಿದರೆ ಸರಿಯಾಗಿ 37,600. ಹಾಗಾಗಿ ಪೂರ್ತಿ ಕಟ್ಟಿದೆವು ಅಂದುಕೊಂಡದ್ದರಲ್ಲಿ ತಪ್ಪಿಲ್ಲ.

ಈಗ ಪ್ರಿಂಟ್ ನೋಡಿ. ಡಿಮಾಂಡ್ ಕಾಲಂನಲ್ಲಿ 48,000ದ ಕೆಳಗೆ ಇನ್ನೆರಡು ಸಾಲು ಸೇರಿವೆ. ಪರೀಕ್ಷಾ ಶುಲ್ಕ 1,200, ತಡ ಶುಲ್ಕ 800. ಒಟ್ಟು 50,000. ಕಲೆಕ್ಷನ್ ಕಾಲಂನಲ್ಲಿ ಎರಡೇ ಸಾಲು: 20,000 ಮತ್ತು 11,600. ಜನವರಿಯ 6,000 ಅಲ್ಲಿ ಇಲ್ಲವೇ ಇಲ್ಲ. 50,000ದಲ್ಲಿ 31,600 ಕಳೆದರೆ 18,400. ಆ ಮೊತ್ತ ಹುಟ್ಟಿದ್ದು ಹೀಗೆ.

ಮೊದಲು 6,000ದ ವಿಷಯ. ಪತ್ರದಲ್ಲಿ ನೀವೇ ಬರೆದಿದ್ದೀರಿ, ಮನೆ ಹತ್ತಿರ ನೆಟ್‌ವರ್ಕ್ ಇಲ್ಲ, ಪೇಟೆಗೆ ಹೋದಾಗ ಪಕ್ಕದ ಮನೆ ಹುಡುಗನ ಮೊಬೈಲಿನಿಂದ ಕಾಲೇಜಿನ ಕ್ಯೂಆರ್ ಕೋಡಿಗೆ ಹಾಕಿಸಿದೆ ಅಂತ. ಗಂಟು ಇರುವುದು ಅಲ್ಲೇ. ಕಾಲೇಜಿನ ಬ್ಯಾಂಕ್ ಖಾತೆಗೆ ದುಡ್ಡು ಬಂದಿದೆ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುವುದು ಆ ಹುಡುಗನ ಹೆಸರು. ಆ ಹೆಸರಿನ ವಿದ್ಯಾರ್ಥಿ ಕಾಲೇಜಿನಲ್ಲಿ ಇಲ್ಲ. ಮಗಳ ಹೆಸರು, ನೋಂದಣಿ ಸಂಖ್ಯೆ ಏನೂ ಬರೆದಿಲ್ಲ. ಹೀಗೆ ವಾರಸುದಾರರು ಗೊತ್ತಾಗದ ಹಣವನ್ನು ಲೆಕ್ಕದವರು ‘ಸಸ್ಪೆನ್ಸ್ ಖಾತೆ’ಯಲ್ಲಿ ಇಡುತ್ತಾರೆ. ಯಾರಾದರೂ ಬಂದು ಇದು ನನ್ನದು ಅಂತ ದಾಖಲೆ ತೋರಿಸುವ ತನಕ ಅದು ಅಲ್ಲೇ ಇರುತ್ತದೆ. ಯಾರೂ ಬರದಿದ್ದರೆ ವರ್ಷಗಟ್ಟಲೆ ಇರುತ್ತದೆ.

ಆ ಹುಡುಗನ ಮೊಬೈಲಿನಲ್ಲಿ ಹಳೆಯ ವಹಿವಾಟು ತೆಗೆಸಿ. 12 ಅಂಕಿಯ ಯುಪಿಐ ರೆಫರೆನ್ಸ್ ಸಂಖ್ಯೆ ಇರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಅದನ್ನೇ ಯುಟಿಆರ್ ಅಂತ ತೋರಿಸುತ್ತಾರೆ. ತಾರೀಖು, ಮೊತ್ತ, ಆ ಸಂಖ್ಯೆ, ಈ ಮೂರೂ ಕಾಣುವ ಹಾಗೆ ಪ್ರಿಂಟ್ ತಗೊಳ್ಳಿ. ‘ನನ್ನ ಮಗಳ ಫೀಸನ್ನು ನನ್ನ ಪರವಾಗಿ ಇವರ ಮೊಬೈಲಿನಿಂದ ಕಟ್ಟಿಸಿದ್ದೇನೆ’ ಅಂತ ಒಂದು ಸಾಲು ಬರೆದು ನೀವೂ ಆ ಹುಡುಗನೂ ಸಹಿ ಮಾಡಿ. ಲೆಕ್ಕ ವಿಭಾಗದವರು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ಮಗಳ ಹೆಸರಿಗೆ ಜಮಾ ಮಾಡುತ್ತಾರೆ. ಜಮಾ ಮಾಡುವಾಗ ದುಡ್ಡು ಬಂದ ದಿನದ ತಾರೀಖನ್ನೇ ಹಾಕಬೇಕು, ಇವತ್ತಿನದಲ್ಲ. ಇದನ್ನು ಒತ್ತಿ ಹೇಳಿ. ಯಾಕೆಂದರೆ ತಡ ಶುಲ್ಕದ 800 ಬಿದ್ದದ್ದೇ ಈ 6,000 ಜನವರಿ 31ರ ಒಳಗೆ ಬರಲಿಲ್ಲ ಅಂತ. ನೀವು ಕಟ್ಟಿದ್ದು 24ಕ್ಕೆ. ಹಳೆ ತಾರೀಖಿಗೆ ಜಮಾ ಆದರೆ ತಡ ಶುಲ್ಕಕ್ಕೆ ಕಾರಣವೇ ಉಳಿಯುವುದಿಲ್ಲ.

1,200 ಸುಲಭ. ಕಾನೂನು ಕಾಲೇಜುಗಳ ಪರೀಕ್ಷೆ ನಡೆಸುವುದು ಕಾಲೇಜಲ್ಲ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. 2009ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಶುಲ್ಕ ಬೇರೆ, ಕಾಲೇಜಿನ ಶುಲ್ಕ ಬೇರೆ. ಮಗಳು ಪರೀಕ್ಷಾ ವಿಭಾಗದಲ್ಲಿ ನಗದು ಕಟ್ಟಿ ಬೇರೆ ಪುಸ್ತಕದ ರಸೀದಿ ತಂದಿದ್ದಾಳೆ. ಫೋಟೋದಲ್ಲಿ ಆ ರಸೀದಿ ಚೆನ್ನಾಗಿಯೇ ಇದೆ. ಅದನ್ನು ಲೆಕ್ಕದ ಕಡೆ ಯಾರೂ ಏರಿಸಿಲ್ಲ, ಅಷ್ಟೇ. ರಸೀದಿ ತೋರಿಸಿ, ಏರಿಸಲು ಹೇಳಿ.

ಇನ್ನು ದೊಡ್ಡ ಮೊತ್ತ, 10,400. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಲೆನಾಡಿನ ಎಷ್ಟೋ ಮನೆಗಳು ಎಡವುವುದು ಇಲ್ಲೇ.

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ ಹಾಕಿದ ಅರ್ಜಿಗೆ ಮಂಜೂರಾದ ಹಣ ಆಧಾರ್ ಮೂಲಕ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಯಾವ ಖಾತೆಗೆ? ಕಾಲೇಜಿಗೆ ಬರೆದುಕೊಟ್ಟ ಖಾತೆಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದಿದೆಯೋ ಅದಕ್ಕೆ ಹೋಗುತ್ತದೆ. ಮಗಳು ಹೈಸ್ಕೂಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆ ಅಂತ ಊರಿನ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದಿರುತ್ತೀರಿ. ಶಿವಮೊಗ್ಗಕ್ಕೆ ಬಂದ ಮೇಲೆ ಇನ್ನೊಂದು. ಎರಡಕ್ಕೂ ಆಧಾರ್ ಕೊಟ್ಟಿರಬಹುದು, ಆದರೆ ಸರ್ಕಾರದ ಹಣಕ್ಕೆ ಜೋಡಣೆ ಇರುವುದು ಒಂದಕ್ಕೇ. ಹಳೆಯ ಖಾತೆಯೇ ಜೋಡಣೆಯಲ್ಲಿ ಉಳಿದಿದ್ದರೆ ಹಣ ಅಲ್ಲಿಗೇ ಹೋಗಿರುತ್ತದೆ. ಆ ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಬದಲಾಗಿದ್ದರೆ ಮೆಸೇಜೂ ಬಂದಿರುವುದಿಲ್ಲ.

ನನ್ನ ಕೌಂಟರಿಗೆ ಒಬ್ಬ ಹುಡುಗಿ ಹೀಗೇ ಬಂದಿದ್ದಳು. ಸ್ಕಾಲರ್‌ಶಿಪ್ ಬಂದಿಲ್ಲ ಸಾರ್ ಅಂತ ಕಣ್ಣೀರು. ಊರಿಗೆ ಹೋದಾಗ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾ ಅಂದೆ. ಮುಂದಿನ ವಾರ ತಂದಳು. ಎರಡು ವರ್ಷದ ಹಣ ಒಂದರ ಕೆಳಗೆ ಒಂದು ಅಚ್ಚಾಗಿತ್ತು. ಆ ಹೊತ್ತಿಗೆ ಅವಳ ಅಮ್ಮ ಕಿವಿಯೋಲೆ ಅಡವಿಟ್ಟು ಫೀಸ್ ಕಟ್ಟಿ ಆಗಿತ್ತು. ನನಗೆ ಇವತ್ತಿಗೂ ಆ ಪುಟ ಕಣ್ಣ ಮುಂದೆ ಬರುತ್ತದೆ.

ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡುವ ಅವಕಾಶ ಇದೆ. ಮಗಳೇ ಮೊಬೈಲಿನಲ್ಲಿ ನೋಡಬಹುದು. ಬ್ಯಾಂಕಿನ ಹೆಸರು ಬರುತ್ತದೆ. ಆ ಬ್ಯಾಂಕಿನ ಪಾಸ್‌ಬುಕ್ ಹುಡುಕಿ, ಎಂಟ್ರಿ ಮಾಡಿಸಿ. ಎಸ್‌ಎಸ್‌ಪಿಯಲ್ಲಿ ಅವಳ ಐಡಿ ಹಾಕಿ ಅರ್ಜಿ ಎಲ್ಲಿದೆ, ಹಣ ಬಿಡುಗಡೆ ಆಗಿದೆಯಾ ಅಂತಲೂ ನೋಡಿ. ಬಂದಿದ್ದರೆ ಅದು ಕಾಲೇಜಿಗೆ ಕಟ್ಟಬೇಕಾದ ಹಣ. ಹಿಂದೆಮುಂದೆ ನೋಡದೆ ಕಟ್ಟಿಬಿಡಿ. ಬಂದಿಲ್ಲದಿದ್ದರೆ ಪೋರ್ಟಲ್ಲಿನ ಸ್ಥಿತಿಯ ಪ್ರಿಂಟ್ ತೆಗೆದು ಪ್ರಿನ್ಸಿಪಾಲರಿಗೆ ಕೊಟ್ಟು, ಬಿಡುಗಡೆ ಆಗುವ ತನಕ ಸಮಯ ಕೇಳಿ. ಅರ್ಜಿಯೇ ತಿರಸ್ಕೃತ ಆಗಿದ್ದರೆ ಮಾತ್ರ ಕೈಯಿಂದ ಕಟ್ಟಬೇಕಾಗುತ್ತದೆ. ಆಗಲೂ ಕಾರಣ ಓದಿ. ಜಾತಿ-ಆದಾಯ ಪತ್ರದ ಅವಧಿ ಮುಗಿದಿರುವುದು, ಹೆಸರಿನ ಅಕ್ಷರ ಹೊಂದದಿರುವುದು, ಇಂಥ ಸಣ್ಣ ವಿಷಯಗಳೇ ಇರುತ್ತವೆ. ಈ ವರ್ಷದ ಅರ್ಜಿಯಲ್ಲಾದರೂ ಸರಿ ಮಾಡಿಸಬಹುದು.

ರೈತರ ಮಕ್ಕಳಿಗೆ ಇರುವ ರೈತ ವಿದ್ಯಾನಿಧಿ ಬಗ್ಗೆ ಪತ್ರದಲ್ಲಿ ನೀವು ಏನೂ ಬರೆದಿಲ್ಲ. 2021ರಲ್ಲಿ ಶುರುವಾದ ಯೋಜನೆ. ಆಗ ನಿಗದಿ ಮಾಡಿದ ಪ್ರಕಾರ ಎಲ್‌ಎಲ್‌ಬಿ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000. ನಿಮ್ಮ ಪಹಣಿ ಫ್ರೂಟ್ಸ್‌ನಲ್ಲಿ, ಅಂದರೆ ಸರ್ಕಾರದ ರೈತರ ನೋಂದಣಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಅಲ್ಲಿ ಕೊಡುವ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಈ ವರ್ಷ ಅರ್ಜಿ ತಗೊಳ್ಳುತ್ತಿದ್ದಾರಾ, ಯಾರಿಗೆ ಅನ್ವಯ ಅಂತ ಅಲ್ಲೇ ಕೇಳಿ. ಇದು ಮಗಳ ಖಾತೆಗೆ ಬರುವ ಹಣ, ಕಾಲೇಜಿನ ಡಿಸಿಬಿಗೆ ಇದಕ್ಕೂ ಸಂಬಂಧ ಇಲ್ಲ.

ಈ ವರ್ಷದ ಫೀಸಿಗೆ ಬರೋಣ. 46,000 ಅಂತ ಬರೆದಿದ್ದೀರಿ. ವಿನಾಯಿತಿ ಹೋಗಿ 35,600. ಕಾಲೇಜು ಕೇಳುವುದು ಮಳೆಗಾಲದಲ್ಲಿ. ನಮ್ಮ ಕಡೆ ಆಗ ಕೈ ಪೂರ್ತಿ ಖಾಲಿ. ಔಷಧಿ ಹೊಡೆಸಿ ಆಗಿರುತ್ತದೆ, ಕೊಳೆ ರೋಗದ ಭಯ ಬೇರೆ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿ ಮುಟ್ಟಿಸುವ ಹೊತ್ತಿಗೆ ಕಾಲೇಜಿನಲ್ಲಿ ಅರ್ಧ ವರ್ಷ ಮುಗಿದಿರುತ್ತದೆ. ಇದು ನಿಮ್ಮೊಬ್ಬರ ಕಷ್ಟವಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಕೂತವರಿಗೆ ಅಡಿಕೆಯ ಲೆಕ್ಕ ಗೊತ್ತಿಲ್ಲದೆ ಇರುವುದಿಲ್ಲ. ಕೇಳಿದರೆ ಅರ್ಥವಾಗುತ್ತದೆ. ಆದರೆ ಕೇಳುವ ರೀತಿ ಇದೆ.

ಕೌಂಟರಿನಲ್ಲಿ ಬಾಯಲ್ಲಿ ಕೇಳಬೇಡಿ. ಅಲ್ಲಿ ಕೂತ ಗುಮಾಸ್ತರಿಗೆ ಕಂತು ಕೊಡುವ ಅಧಿಕಾರ ಇಲ್ಲ. ಅವರು ಇಲ್ಲ ಅಂದರೆ ನೀವು ಬೇಜಾರು ಮಾಡಿಕೊಂಡು ಹೊರಡುತ್ತೀರಿ. ಪ್ರಿನ್ಸಿಪಾಲರಿಗೆ ಕಾಗದ ಬರೆಯಿರಿ. ‘ಸ್ವಲ್ಪ ಸಮಯ ಕೊಡಿ’ ಅಂತ ಬರೆದರೆ ಅದರ ಮೇಲೆ ಏನು ಆದೇಶ ಹಾಕುವುದು? ತಾರೀಖು, ಮೊತ್ತ ಹಾಕಿ ಬರೆಯಿರಿ. ಹೀಗೆ: ‘ನಮ್ಮ ಆದಾಯ ಅಡಿಕೆ ಬೆಳೆಯೊಂದೇ. 10,000 ರೂಪಾಯಿ ಈ ಕಾಗದದ ಜೊತೆ ಕಟ್ಟುತ್ತಿದ್ದೇನೆ. 15,600 ಜನವರಿ 31ರ ಒಳಗೆ, ಉಳಿದ 10,000 ಮಾರ್ಚ್ 20ರ ಒಳಗೆ ಕಟ್ಟುತ್ತೇನೆ. ಅಲ್ಲಿಯವರೆಗೆ ತಡ ಶುಲ್ಕ ಹಾಕದೆ, ಪರೀಕ್ಷಾ ಅರ್ಜಿ ತಡೆಯದೆ ಅನುಮತಿ ಕೊಡಬೇಕಾಗಿ ವಿನಂತಿ.’ ಕೊನೆಯ ವಾಕ್ಯ ಬಿಡಬೇಡಿ. ಫೀಸ್ ಬಾಕಿ ಇದ್ದವರು ಸಿಕ್ಕಿಬೀಳುವುದು ಸೆಮಿಸ್ಟರ್ ಪರೀಕ್ಷೆಯ ಅರ್ಜಿ ಕಟ್ಟುವಾಗ. ಕೊನೇ ದಿನ ಲೆಕ್ಕ ವಿಭಾಗದ ಸಹಿ ಸಿಗದೆ ಒದ್ದಾಡಿದ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಪ್ರಿನ್ಸಿಪಾಲರ ಒಪ್ಪಿಗೆ ಬಿದ್ದ ಕಾಗದದ ಜೆರಾಕ್ಸ್ ಮಗಳ ಕೈಯಲ್ಲಿ ಇದ್ದರೆ ಆ ದಿನ ಯಾರೂ ತಡೆಯುವುದಿಲ್ಲ.

ಮೊದಲ ಕಂತು ಎಷ್ಟೇ ಸಣ್ಣದಿರಲಿ, ಕಾಗದದ ಜೊತೆಗೇ ಕಟ್ಟಿ. ಹತ್ತು ಸಾವಿರ ಕೈಯಲ್ಲಿ ಹಿಡಿದು ಬಂದವರ ಮಾತಿಗೆ ಬೆಲೆಯೇ ಬೇರೆ. ಹೇಳಿದ ತಾರೀಖಿಗೆ ಆಗುವುದಿಲ್ಲ ಅಂತ ಗೊತ್ತಾದರೆ ಆ ತಾರೀಖಿನ ಮುಂಚೆ ಹೋಗಿ ಹೇಳಿ, ಆಮೇಲಲ್ಲ.

ಮಂಡಿಯ ಮುಂಗಡ ಯಾಕೆ ಬೇಡ ಅಂದೆ? ಮುಂಗಡ ತಗೊಂಡ ಮೇಲೆ ಅಡಿಕೆಯನ್ನು ಅಲ್ಲಿಗೇ ಹಾಕಬೇಕಾಗುತ್ತದೆ. ದರ ಇಳಿದಿದ್ದರೂ ಕಾಯುವ ಹಾಗಿಲ್ಲ. ಒಂದೂವರೆ ಎಕರೆಯವರಿಗೆ ಇರುವ ಬಲ ಒಂದೇ, ದರ ನೋಡಿ ಮಾರುವುದು. ಅದನ್ನು ಫೀಸಿಗೆ ಬಿಟ್ಟುಕೊಡಬೇಡಿ.

ಇನ್ನೂ ನಾಲ್ಕು ವರ್ಷ ಇದೆ, ಪ್ರತಿ ವರ್ಷ ಇದೇ ಪಾಡು ಅನ್ನಿಸಿದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಇಲ್ಲ, ನಾವು ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಬ್ಯಾಂಕು ಫೀಸನ್ನು ನೇರ ಕಾಲೇಜಿಗೆ ಕಳಿಸುತ್ತದೆ. ಓದು ಮುಗಿದು ಒಂದು ವರ್ಷದ ತನಕ ಕಂತು ಶುರುವಾಗುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದ ಏರುತ್ತಾ ಇರುತ್ತದೆ, ಅದನ್ನು ಮರೆಯಬೇಡಿ. ಅಡಿಕೆ ದುಡ್ಡು ಬಂದಾಗ ವರ್ಷವರ್ಷದ ಬಡ್ಡಿ ಕಟ್ಟಿಕೊಂಡು ಹೋದರೆ ಕೊನೆಗೆ ಭಾರವಾಗುವುದಿಲ್ಲ. ನಿಮ್ಮ ಲೆಕ್ಕ ನೋಡಿದರೆ ಕಂತಿನಲ್ಲೇ ಸಾಗಬಹುದು ಅಂತ ನನಗೆ ಅನ್ನಿಸುತ್ತದೆ.

ಕಟ್ಟುವ ವಿಧಾನದ ಬಗ್ಗೆ ಎರಡು ಮಾತು. ಇನ್ನು ಮೇಲೆ ಬೇರೆಯವರ ಮೊಬೈಲಿನಿಂದ ಕಟ್ಟಲೇಬೇಕಾದರೆ ‘ಟಿಪ್ಪಣಿ’ ಅನ್ನುವ ಕಡೆ ಮಗಳ ಹೆಸರು, ನೋಂದಣಿ ಸಂಖ್ಯೆ ಬರೆಸಿ, ಅದೇ ದಿನ ಮಗಳಿಗೆ ಸ್ಕ್ರೀನ್‌ಶಾಟ್ ಕಳಿಸಿ, ಮರುದಿನ ಅವಳು ಕೌಂಟರಿಗೆ ಹೋಗಿ ರಸೀದಿ ತಗೊಳ್ಳಲಿ. ನಮ್ಮ ಗುಡ್ಡದ ನೆಟ್‌ವರ್ಕ್ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಚಕ್ರ ತಿರುಗುತ್ತಾ ನಿಂತರೆ ಮತ್ತೆ ಒತ್ತಬೇಡಿ. ಖಾತೆಯಿಂದ ಕಡಿತವಾಗಿ ಕಾಲೇಜಿಗೆ ಮುಟ್ಟದಿದ್ದರೆ ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ ಇದು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ರಸೀದಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನನ್ನ ಮಗ ದೂರದ ಊರಿನ ಒಂದು ಕಾಲೇಜಿನಲ್ಲಿ ಓದುವಾಗ ನಾವು ಕಟ್ಟಿದ 12,000 ಅದೇ ಹೆಸರಿನ ಇನ್ನೊಬ್ಬ ಹುಡುಗನ ಲೆಕ್ಕಕ್ಕೆ ಹೋಗಿತ್ತು. ರಸೀದಿ ಇತ್ತು, ಆದರೆ ಬಿಸಿ ಅಚ್ಚಿನ ತೆಳು ಕಾಗದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಹಾಳೆ ಆಗಿತ್ತು. ಬೇರೆಯವರ ರಸೀದಿ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ನನಗೇ ಹಾಗಾಯಿತು. ಮತ್ತೆ 12,000 ಕಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಹಣ ವಾಪಸ್ ಬರುವಷ್ಟರಲ್ಲಿ ಹನ್ನೊಂದು ತಿಂಗಳು ಹಿಡಿಯಿತು. ಆವತ್ತಿನಿಂದ ರಸೀದಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸುತ್ತೇನೆ. ನೀವೂ ಮಾಡಿಸಿ. ಮಲೆನಾಡಿನ ಮನೆಯಲ್ಲಿ ಕಾಗದ ಟ್ರಂಕಿನಲ್ಲಿಟ್ಟರೂ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಟ್ಟದ ಮೇಲೆ ಒಲೆಯ ಬಿಸಿ ತಾಗುವ ಕಡೆ ಇಡಿ. ಮೊಬೈಲಿನಲ್ಲಿ ಫೋಟೋ ಇರಲಿ.

ಅಡ್ಮಿಷನ್ ರಸೀದಿಯಲ್ಲಿ ‘ಕಾಷನ್ ಡಿಪಾಸಿಟ್ 2,000’ ಅಂತ ಒಂದು ಸಾಲು ಇದೆ, ಗಮನಿಸಿದಿರಾ? ಅದು ಫೀಸಲ್ಲ, ನಿಮ್ಮದೇ ಹಣ. ಕೋರ್ಸ್ ಮುಗಿದ ಮೇಲೆ ನೋ ಡ್ಯೂ ಮಾಡಿಸಿ ವಾಪಸ್ ಕೇಳಬೇಕು. ಕೇಳದೆ ಹೋಗುವವರೇ ಜಾಸ್ತಿ. ಹಾಗೇ, ಎಂದಾದರೂ ನೀವು ಕಟ್ಟಿದ್ದು ಡಿಮಾಂಡಿಗಿಂತ ಹೆಚ್ಚಾದರೆ ಖಾತೆಯಲ್ಲಿ ಮೈನಸ್ ಗುರುತು ಬರುತ್ತದೆ. ಹೆದರಬೇಡಿ, ಕಾಲೇಜೇ ನಿಮಗೆ ಕೊಡಬೇಕು ಅಂತ ಅರ್ಥ. ಮುಂದಿನ ಸೆಮಿಸ್ಟರಿಗೆ ಹೊಂದಿಸಿಕೊಳ್ಳಿ ಅಂತ ಬರೆದುಕೊಡಿ.

ಸನ್ನದಿನ ಬಗ್ಗೆ ಕೇಳಿದ್ದೀರಿ. ನೀವು ಕೇಳಿದ್ದು ಹಳೇ ಕಥೆ. ಮೊದಲು ಬೇರೆ ಬೇರೆ ರಾಜ್ಯಗಳ ವಕೀಲರ ಪರಿಷತ್ತುಗಳು ಹತ್ತಾರು ಸಾವಿರ ತಗೊಳ್ಳುತ್ತಿದ್ದದ್ದು ನಿಜ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ವಕೀಲರ ಕಾಯ್ದೆಯಲ್ಲಿ ಬರೆದಷ್ಟೇ ನೋಂದಣಿ ಶುಲ್ಕ ತಗೊಳ್ಳಬೇಕು ಅಂತ ಹೇಳಿತು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಸ್ಟಾಂಪ್ ಶುಲ್ಕ ಇದ್ದರೆ ಅದೊಂದು ಸೇರುತ್ತದೆ. ಆಮೇಲೆ ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯ ಶುಲ್ಕ ಬೇರೆ. ಆ ಚಿಂತೆ ಈಗ ಬೇಡ.

ಸೋಮವಾರ ಶಿವಮೊಗ್ಗಕ್ಕೆ ಹೊರಡುವ ಮುಂಚೆ ಊರಿನ ಬ್ಯಾಂಕಿನಲ್ಲಿ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಪಕ್ಕದ ಮನೆ ಹುಡುಗನ ಸಹಿ ತಗೊಳ್ಳಿ. ಬೆಳಗಿನ ಮೊದಲ ಬಸ್ಸಿಗೆ ಬಂದರೆ ಕೌಂಟರ್ ತೆರೆಯುವ ಹೊತ್ತಿಗೆ ಮುಟ್ಟುತ್ತೀರಿ. ಆಗ ಜನ ಕಮ್ಮಿ, ಲೆಕ್ಕದವರು ನಿಧಾನವಾಗಿ ನೋಡುತ್ತಾರೆ. ಮಗಳನ್ನು ಜೊತೆಗೆ ಕರಕೊಂಡು ಹೋಗಿ, ಕಾಗದಗಳನ್ನು ಅವಳ ಕೈಗೇ ಕೊಡಿ. ಅವಳೇ ಮಾತಾಡಲಿ. ತಿದ್ದಿದ ಮೇಲೆ ಹೊಸ ಪ್ರಿಂಟ್ ತಗೊಂಡು, ಅದರ ಮೇಲೆ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ.